ಮಾತ್ರೆ ಕೊಟ್ಟರೂ ನಾಯಿಯ ಜಂತು ಹೋಗುತ್ತಿಲ್ಲವೇ? ತುಮಕೂರು ಸೀಮೆಯವರಿಗೊಂದು ಮಾರ್ಗದರ್ಶಿ

ಔಷಧಿ ಅಂಗಡಿಗೆ ಹೋಗಿ "ನಾಯಿಗೊಂದು ಜಂತಿನ ಮಾತ್ರೆ ಕೊಡಿ" ಅಂದರೆ ಅವರು ಕೇಳುವುದು ಒಂದೇ ಪ್ರಶ್ನೆ: "ನಾಯಿ ದೊಡ್ಡದಾ, ಚಿಕ್ಕದಾ?" ನಾವು ಕೈಯಲ್ಲೇ ಎತ್ತರ ತೋರಿಸುತ್ತೇವೆ. ಅವರು ಮಾತ್ರೆ ಕೊಡುತ್ತಾರೆ, ನಾಯಿ ನುಂಗುತ್ತದೆ. ಎರಡು ತಿಂಗಳಿಗೆ ಮತ್ತೆ ಅದೇ ಕಥೆ, ಆಮೇಲೆ ಮಾತ್ರೆಯನ್ನು ಬೈಯುತ್ತೇವೆ. ಬಹಳ ಸಲ ಮಾತ್ರೆಯ ತಪ್ಪೇನೂ ಇರುವುದಿಲ್ಲ. ಯಾವ ಹುಳು, ಅದು ಎಲ್ಲಿಂದ ಬಂತು ಅಂತ ಯಾರೂ ಕೇಳಿರುವುದಿಲ್ಲ, ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಊರಿಂದ ಊರಿಗೆ ಉತ್ತರ ಬದಲಾಗುತ್ತದೆ. ತಿಪಟೂರು, ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆ ತೆಂಗು, ಅಡಿಕೆ ತೋಟ. ನೆರಳು, ಒದ್ದೆ ಮಣ್ಣು. ಕೊಕ್ಕೆಹುಳುವಿನ ಮರಿಗೆ ಬೇಕಾಗಿರುವುದೇ ಅದು. ಶಿರಾ, ಪಾವಗಡ, ಮಧುಗಿರಿ ಕಡೆ ಕುರಿ ಮಂದೆ ಜಾಸ್ತಿ. ಅಲ್ಲಿನ ನಾಯಿಗೆ ಕುರಿಯಿಂದ ಬರುವ ಲಾಡಿಹುಳುವಿನ ಭಯ. ತುಮಕೂರು ನಗರದಲ್ಲಿ ಮನೆಯೊಳಗೇ ಇರುವ ನಾಯಿಗೆ ಈ ಎರಡೂ ಇಲ್ಲದಿರಬಹುದು, ಆದರೆ ಮೈಮೇಲೆ ಚಿಗಟ ಇದ್ದರೆ ಅದರ ಜೊತೆಗೇ ಒಂದು ಲಾಡಿಹುಳು ಬರುತ್ತದೆ.

ಮೊದಲು ವಸಡು ನೋಡಿ

ಮಲ ನೋಡುವುದಕ್ಕಿಂತ ಮುಂಚೆ ಇದು. ನಾಯಿಯ ಮೇಲ್ದುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಕೆಲವು ನಾಯಿಗಳಿಗೆ ವಸಡೇ ಕಪ್ಪು. ಅಂಥದ್ದಕ್ಕೆ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಭಾಗ ನೋಡಿ.

ವಸಡು ಬಿಳಚಿಕೊಂಡಿದೆ, ಮಲ ಕಪ್ಪಗೆ ಅಂಟಂಟಾಗಿದೆ, ಮರಿ ಮೂಲೆ ಬಿಟ್ಟು ಏಳುತ್ತಿಲ್ಲ ಅಂದರೆ ಅದು ರಕ್ತ ಕುಡಿಯುವ ಕೊಕ್ಕೆಹುಳು ಇರಬಹುದು. ಮಾತ್ರೆ ತಂದು ಕೊಟ್ಟು ನಾಳೆ ನೋಡೋಣ ಅನ್ನುವ ಹೊತ್ತು ಇದಲ್ಲ. ಅವತ್ತೇ ಪಶುವೈದ್ಯರ ಹತ್ತಿರ ಹೋಗಬೇಕು. ಕೆಲವು ಮರಿಗಳಿಗೆ ರಕ್ತ ಕೊಡಬೇಕಾಗಿಯೂ ಬರುತ್ತದೆ. ಇನ್ನೊಂದು ಮಾತು ನೆನಪಿರಲಿ. ತಾಯಿ ಹಾಲಿನಲ್ಲಿ ಕೊಕ್ಕೆಹುಳು ಹೋದ ಮರಿ, ಮಲದಲ್ಲಿ ಮೊಟ್ಟೆ ಕಾಣಿಸುವ ಮೊದಲೇ ಸಾಯಬಹುದು. ಹಾಗಾಗಿ "ಮಲ ಪರೀಕ್ಷೆಯಲ್ಲಿ ಏನೂ ಇಲ್ಲ" ಅಂತ ಬಂದರೂ ಬಿಳಚಿದ ಮರಿಯನ್ನು ಹಾಗೇ ಬಿಡಬೇಡಿ.

ವಸಡು ಚೆನ್ನಾಗಿದ್ದರೆ ಮುಂದಿನ ಕೆಲಸ ನಿಧಾನಕ್ಕೆ, ಸರಿಯಾಗಿ ಮಾಡಬಹುದು.

ಯಾವ ಹುಳು?

ಹೊಟ್ಟೆ ಊದಿ ಕೈಕಾಲು ಸಣ್ಣಗಿರುವ ಮರಿ, ಕೂದಲಿಗೆ ಹೊಳಪಿಲ್ಲ, ವಾಂತಿಯಲ್ಲೋ ಮಲದಲ್ಲೋ ಅರ್ಧ ಗೇಣಿನಷ್ಟು ಉದ್ದದ ಬಿಳಿ ಹುಳು. ಇದು ದುಂಡುಹುಳು, ನಾವು ಸುಮ್ನೆ ಜಂತು ಅನ್ನುವುದು ಹೆಚ್ಚಾಗಿ ಇದನ್ನೇ. "ಮರಿ ಇನ್ನೂ ನೆಲಕ್ಕೇ ಬಿಟ್ಟಿಲ್ಲ, ಎಲ್ಲಿಂದ ಬಂತು?" ಅಂತ ಕೇಳುವವರಿದ್ದಾರೆ. ತಾಯಿಯ ಮೈಯಲ್ಲಿ ಸುಪ್ತವಾಗಿದ್ದ ಹುಳುವಿನ ಮರಿಗಳು ಬಸಿರಿನಲ್ಲೇ ಹೊಕ್ಕಳ ದಾರಿಯಾಗಿ ನಾಯಿಮರಿಗೆ ಹೋಗುತ್ತವೆ. ಆಮೇಲೆ ಹಾಲಿನಲ್ಲೂ ಹೋಗುತ್ತವೆ. ನಮ್ಮ ಕೈಗೆ ಬರುವ ಮರಿಗೆ ಜಂತು ಇದೆ ಅಂತಲೇ ಇಟ್ಟುಕೊಂಡು ಶುರು ಮಾಡುವುದು ಒಳ್ಳೆಯದು.

ಬಾಲದ ಕೆಳಗಿನ ಕೂದಲಿನಲ್ಲಿ, ನಾಯಿ ಮಲಗಿದ ಚೀಲದ ಮೇಲೆ ಅನ್ನದ ಅಗುಳಿನ ಹಾಗೆ ಏನೋ ಅಂಟಿದೆ, ಹೊಸದಾಗಿದ್ದರೆ ಮೆಲ್ಲಗೆ ಅಲ್ಲಾಡುತ್ತದೆ. ಇದು ಚಿಗಟದಿಂದ ಬರುವ ಲಾಡಿಹುಳುವಿನ ತುಂಡು. ಮೈ ಕಡಿದುಕೊಳ್ಳುವಾಗ ನಾಯಿ ಚಿಗಟವನ್ನು ನುಂಗುತ್ತದೆ, ಚಿಗಟದೊಳಗೆ ಹುಳುವಿನ ಮರಿ ಇರುತ್ತದೆ. ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜಿದರೆ ಜಂತೇ ಅಂತ ತೀರ್ಮಾನ ಮಾಡಬೇಡಿ. ಗುದದ ಪಕ್ಕದ ಗ್ರಂಥಿ ತುಂಬಿಕೊಂಡರೂ ಉಜ್ಜುತ್ತದೆ.

ಮಲದ ಕೊನೆಯಲ್ಲಿ ಲೋಳೆ, ಅದರ ಜೊತೆ ಕೆಂಪು ರಕ್ತ, ಒಂದು ವಾರ ಸರಿ ಇದ್ದು ಮತ್ತೆ ಬಂದರೆ ಚಾಟಿಹುಳು ಇರಬಹುದು. ನೀರಾಗಿ, ಜಿಡ್ಡಾಗಿ, ವಿಪರೀತ ವಾಸನೆ ಬರುವ ಭೇದಿ ನಿಲ್ಲದಿದ್ದರೆ ಅದು ಹುಳುವೇ ಅಲ್ಲದಿರಬಹುದು. ಜಿಯಾರ್ಡಿಯಾ, ಕಾಕ್ಸಿಡಿಯಾ ಅನ್ನುವ ಕಣ್ಣಿಗೆ ಕಾಣದ ಪರಾವಲಂಬಿಗಳಿವೆ. ಕಾಕ್ಸಿಡಿಯಾಗೆ ಜಂತಿನ ಮಾತ್ರೆ ಏನೂ ಮಾಡುವುದಿಲ್ಲ.

ಇಷ್ಟೆಲ್ಲ ಇದ್ದರೂ ದೊಡ್ಡ ನಾಯಿಗಳಲ್ಲಿ ಹೊರಗೆ ಏನೂ ಕಾಣದೆ ಒಳಗೆ ಹುಳು ಇರುವುದೇ ಜಾಸ್ತಿ. ಅದಕ್ಕೇ ಪರೀಕ್ಷೆ.

ಮಲ ಒಯ್ಯುವ ಕ್ರಮ

ಅವತ್ತಿನ ಮಲವೇ ಬೇಕು, ಹೆಬ್ಬೆರಳ ತುದಿಯಷ್ಟು ಸಾಕು. ನೆಲಕ್ಕೆ ತಾಗದ ಮೇಲ್ಭಾಗದಿಂದ ತೆಗೆಯಿರಿ. ಮಣ್ಣಿನಲ್ಲಿ ತಾನಾಗಿ ಬದುಕುವ ಹುಳುಗಳು ಸೇರಿಕೊಂಡರೆ ನೋಡುವವರಿಗೆ ಗೊಂದಲ. ಔಷಧಿ ಅಂಗಡಿಯಲ್ಲಿ ಸಿಗುವ ಮುಚ್ಚಳದ ಡಬ್ಬಿಗೆ ಹಾಕಿ, ನಾಯಿಯ ವಯಸ್ಸು, ಮಲ ತೆಗೆದ ಸಮಯ ಬರೆಯಿರಿ. ಬಿಸಿಲಲ್ಲಿ ಬೈಕಿನ ಡಿಕ್ಕಿಯೊಳಗೆ ಮಧ್ಯಾಹ್ನದವರೆಗೆ ಬಿಟ್ಟರೆ ಕೊಕ್ಕೆಹುಳುವಿನ ಮೊಟ್ಟೆ ಒಡೆಯಲು ಶುರುವಾಗುತ್ತದೆ. ಬೆಳಗ್ಗೆಯೇ ಪಶು ಆಸ್ಪತ್ರೆಗೆ ಮುಟ್ಟಿಸಿ. ತಡವಾಗುವುದಾದರೆ ಐಸ್ ಜೊತೆ ಇಡಿ, ಫ್ರೀಜರ್ ಬೇಡ.

ಅಲ್ಲಿ ಮಾಡುವುದು ಇಷ್ಟೇ: ಗಟ್ಟಿ ಉಪ್ಪುನೀರು ಅಥವಾ ಸಕ್ಕರೆ ನೀರಿನಲ್ಲಿ ಮಲ ಕಲಸಿ ಸೋಸಿ ಬಿಡುತ್ತಾರೆ. ಮೊಟ್ಟೆಗಳು ಮೇಲೆ ತೇಲಿ ಬರುತ್ತವೆ, ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹುಳುಗಳು ದಿನವೂ ಒಂದೇ ಸಮ ಮೊಟ್ಟೆ ಇಡುವುದಿಲ್ಲ, ಹಾಗಾಗಿ ಅನುಮಾನ ಉಳಿದರೆ ಮೂರು ದಿನದ ಮಲ ಕೇಳುತ್ತಾರೆ. ಲಾಡಿಹುಳು ಮಾತ್ರ ಈ ಪರೀಕ್ಷೆಗೆ ಸುಲಭವಾಗಿ ಸಿಗುವುದಿಲ್ಲ. ತುಂಡು ಕಂಡರೆ ಅದನ್ನೇ ಒಂದು ಡಬ್ಬಿಯಲ್ಲಿ ಒಯ್ದು ತೋರಿಸಿ.

ಹಳ್ಳಿ ನಾಯಿ ಸಗಣಿ, ಕುರಿ ಹಿಕ್ಕೆ ತಿನ್ನುವುದು ಗೊತ್ತೇ ಇದೆ ಅಲ್ವಾ? ದನ, ಕುರಿಯ ಹುಳುವಿನ ಮೊಟ್ಟೆ ನಾಯಿಯ ಹೊಟ್ಟೆಯಲ್ಲಿ ಹಾಗೇ ಹಾದು ಹೊರಗೆ ಬರುತ್ತದೆ, ಪರೀಕ್ಷೆಯಲ್ಲೂ ಕಾಣುತ್ತದೆ. ಅದು ನಾಯಿಯ ಕಾಯಿಲೆ ಅಲ್ಲ. ನಿಮ್ಮ ನಾಯಿಗೆ ಈ ಅಭ್ಯಾಸ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

ತೂಕ, ಔಷಧಿ, ಮುದ್ದೆ

ಅಂದಾಜಿನ ತೂಕಕ್ಕೆ ಕೊಟ್ಟ ಔಷಧಿ ಕಡಿಮೆಯಾದರೆ ಅರ್ಧ ಹುಳು ಸಾಯುತ್ತದೆ, ಅರ್ಧ ಉಳಿಯುತ್ತದೆ. ಮನೆಯ ತೂಕದ ಯಂತ್ರದ ಮೇಲೆ ನೀವೊಬ್ಬರೇ ನಿಂತು ನೋಡಿ, ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ. 62 ಇದ್ದದ್ದು 76 ಆದರೆ ನಾಯಿ 14 ಕಿಲೋ. ಎತ್ತಲಾಗದ ನಾಯಿಯಾದರೆ ಕೊಬ್ಬರಿ ಮಂಡಿಯಲ್ಲೋ ಫೀಡ್ ಅಂಗಡಿಯಲ್ಲೋ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿ. ಯಾರೂ ಬೇಡ ಅನ್ನುವುದಿಲ್ಲ.

ನಾಯಿಗಳಿಗೆಂದೇ ಬರುವ ಸಾಮಾನ್ಯ ಮಾತ್ರೆಯಲ್ಲಿ ಮೂರು ಔಷಧಿ ಸೇರಿರುತ್ತವೆ. ಪೈರಾಂಟೆಲ್ ದುಂಡುಹುಳು, ಕೊಕ್ಕೆಹುಳುವಿಗೆ. ಪ್ರಾಜಿಕ್ವಾಂಟೆಲ್ ಲಾಡಿಹುಳುವಿಗೆ. ಫೆಬಾಂಟೆಲ್ ಚಾಟಿಹುಳುವಿಗೂ ಆಗುತ್ತದೆ. ಇದರಲ್ಲಿ 10 ಕಿಲೋಗೆ ಒಂದು ಮಾತ್ರೆ ಲೆಕ್ಕದ್ದು ಹೆಚ್ಚು ಬಳಕೆಯಲ್ಲಿದೆ, ಅಂದರೆ 14 ಕಿಲೋ ನಾಯಿಗೆ ಒಂದೂವರೆ. ದೊಡ್ಡ ಜಾತಿಗೆ ಬೇರೆ ಅಳತೆಯ ಮಾತ್ರೆಯೂ ಬರುವುದರಿಂದ ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಮೇಲೆ ಬರೆದದ್ದನ್ನು ಓದಿ. ಇನ್ನೊಂದು ದಾರಿ ಫೆನ್‌ಬೆಂಡಜೋಲ್. ಕಿಲೋಗೆ 50 ಮಿ.ಗ್ರಾಂ. ಲೆಕ್ಕದಲ್ಲಿ ದಿನಕ್ಕೊಮ್ಮೆ, ಮೂರು ದಿನ. ಜಿಯಾರ್ಡಿಯಾಗೂ ವೈದ್ಯರು ಇದನ್ನೇ ಮೂರರಿಂದ ಐದು ದಿನ ಬರೆಯುವುದುಂಟು. ಆದರೆ ಚಿಗಟದ ಲಾಡಿಹುಳುವಿಗೆ ಇದು ಕೆಲಸ ಮಾಡುವುದಿಲ್ಲ. "ಮೂರು ದಿನ ಕೊಟ್ಟೆವು, ಆದರೂ ಅಗುಳು ಬೀಳುತ್ತಲೇ ಇದೆ" ಅನ್ನುವವರ ಮನೆಯಲ್ಲಿ ಆಗಿರುವುದು ಇದೇ.

ಮಾತ್ರೆ ನುಂಗಿಸುವುದರಲ್ಲಿ ನಮ್ಮ ಸೀಮೆಯವರಿಗೆ ಒಂದು ಅನುಕೂಲ ಇದೆ, ರಾಗಿ ಮುದ್ದೆ. ನಾವೂ ಅಗಿಯುವುದಿಲ್ಲ, ನಾಯಿಯೂ ಅಗಿಯುವುದಿಲ್ಲ. ಮುದ್ದೆ ಆರಲಿ. ಅಡಿಕೆ ಗಾತ್ರದ ನಾಲ್ಕು ಉಂಡೆ ಮಾಡಿ, ಒಂದರ ಮಧ್ಯೆ ಮಾತ್ರೆ ಇಟ್ಟು ಪೂರ್ತಿ ಮುಚ್ಚಿ. ಮಾತ್ರೆ ಮುಟ್ಟಿದ ಬೆರಳಲ್ಲೇ ಹೊರಗೆ ಸವರಬೇಡಿ, ವಾಸನೆ ಹಿಡಿದುಬಿಡುತ್ತದೆ. ಒಂದು ತೊಟ್ಟು ತುಪ್ಪ ಸವರಿ. ಮೊದಲು ಖಾಲಿ ಉಂಡೆ ಎರಡು ಕೊಡಿ. ಮೂರನೆಯದು ಮಾತ್ರೆಯದು. ಅದನ್ನು ಕೊಡುವ ಹೊತ್ತಿಗೇ ನಾಲ್ಕನೆಯ ಉಂಡೆ ನಿಮ್ಮ ಇನ್ನೊಂದು ಕೈಯಲ್ಲಿ ನಾಯಿಯ ಕಣ್ಣಿಗೆ ಕಾಣುತ್ತಿರಬೇಕು. ಅದರ ಆಸೆಗೆ ಮೂರನೆಯದನ್ನು ಗುಳುಂ ಅನ್ನಿಸುತ್ತದೆ. ಆಮೇಲೆ ಅರ್ಧ ಗಂಟೆ ಕಟ್ಟಿಹಾಕಿ, ವಾಂತಿ ಮಾಡಿತೇ ನೋಡಿ.

ಮರಿಗಳಿಗೆ ದ್ರವ ಔಷಧಿ. ಸೂಜಿ ತೆಗೆದ ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ಸ್ವಲ್ಪಸ್ವಲ್ಪವೇ ಬಿಡಿ. ತಲೆ ಮೇಲಕ್ಕೆತ್ತಿ ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಕೊಡಬಾರದ್ದು

ಮನೆಯಲ್ಲಿ ಕುರಿ, ಹಸು ಇದ್ದರೆ ಅವುಗಳ ಜಂತಿನ ಔಷಧಿಯೂ ಇರುತ್ತದೆ. "ಇದನ್ನೇ ಒಂದು ಮುಚ್ಚಳ ಹಾಕೋಣ" ಅನ್ನಿಸುವುದು ಸಹಜ, ಹಾಕಬೇಡಿ. ಐವರ್‌ಮೆಕ್ಟಿನ್ ಅನ್ನು ಕುರಿಗೆ ಕಿಲೋಗೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ನಾಯಿಯ ಹೃದಯದ ಹುಳು ತಡೆಯಲು ಬಳಸುವ ಪ್ರಮಾಣ ಕಿಲೋಗೆ 6 ಮೈಕ್ರೋಗ್ರಾಂ ಮಾತ್ರ. ಕೋಲಿ ಅನ್ನುವ ನಾಯಿ ಜಾತಿ ಮತ್ತು ಅದರ ಸಂಬಂಧದ ಜಾತಿಗಳಲ್ಲಿ ಔಷಧಿ ಮೆದುಳಿಗೇ ಹೋಗಿ ನಾಯಿ ಕುಸಿದು ಬೀಳಬಹುದು. ನಿಮ್ಮ ಕ್ರಾಸ್ ನಾಯಿಯ ಅಜ್ಜಿ ಯಾವ ಜಾತಿ ಅಂತ ನಿಮಗೆ ಗೊತ್ತಾ?

ಶಾಲೆಯಲ್ಲಿ ಮಕ್ಕಳಿಗೆ ಕೊಡುವ 400 ಮಿ.ಗ್ರಾಂ. ಅಲ್ಬೆಂಡಜೋಲ್ ಮಾತ್ರೆಯನ್ನು ನಾಯಿಗೆ ಹಾಕುವವರೂ ಇದ್ದಾರೆ. ನಾಯಿಗಳಲ್ಲಿ ಅದು ಮೂಳೆಯೊಳಗೆ ರಕ್ತ ತಯಾರಾಗುವುದನ್ನೇ ಕೆಡಿಸಬಹುದು. ಆ ಮಾತ್ರೆ ಮಗು ನುಂಗಲಿ, ಅದು ಬಂದಿರುವುದೇ ಮಗುವಿಗೆ.

ಬೆಳ್ಳುಳ್ಳಿ ಅರೆದು ಕೊಡುವುದು ಬೇಡವೇ ಬೇಡ. ಅದು ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ, ಮೊದಲೇ ರಕ್ತ ಕಳೆದುಕೊಂಡ ನಾಯಿಗೆ ಇನ್ನೂ ಕೆಡುಕು. ಅಡಿಕೆಯ ವಿಷಯ ಸ್ವಲ್ಪ ಬೇರೆ. ಹಳಬರು ಹೇಳುವುದರಲ್ಲಿ ಅರ್ಥ ಇಲ್ಲದೇ ಇಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನು ಒಂದು ಕಾಲಕ್ಕೆ ಬೇರೆ ದೇಶಗಳ ಪಶುವೈದ್ಯರೇ ನಾಯಿಯ ಲಾಡಿಹುಳುವಿಗೆ ಬಳಸುತ್ತಿದ್ದರು. ಅದು ಹುಳುವನ್ನು ಕೊಲ್ಲುತ್ತಿರಲಿಲ್ಲ, ಮರಗಟ್ಟಿಸಿ ಭೇದಿಯಲ್ಲಿ ಹೊರಗೆ ತಳ್ಳುತ್ತಿತ್ತು. ನಾಯಿಯೂ ವಾಂತಿ ಮಾಡಿ ಸುಸ್ತಾಗಿ ಬೀಳುತ್ತಿತ್ತು. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಆ ಕಷ್ಟ ಯಾಕೆ?

ಗುಡ್ಡೆ ಮಾಂಸದ ದಿನ

ಯುಗಾದಿಯ ಮಾರನೆ ದಿನ ಹೊಸತೊಡಕು. ಹತ್ತಾರು ಮನೆಯವರು ದುಡ್ಡು ಹಾಕಿ ಕುರಿ ತಂದು, ಕೊಯ್ದು, ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಬೇಡವಾದದ್ದು ಪಕ್ಕಕ್ಕೆ ಬೀಳುತ್ತದೆ. ಊರಿನ ನಾಯಿಗಳೆಲ್ಲ ಬೆಳಗಿನಿಂದಲೇ ಸುತ್ತ ಕೂತಿರುತ್ತವೆ, ಮನೆಯ ನಾಯಿಯೂ ಅಲ್ಲೇ. ಪಿತೃಪಕ್ಷ, ಊರ ಜಾತ್ರೆಯಲ್ಲೂ ಇದೇ ನೋಟ.

ಕುರಿಯ ಲಿವರ್, ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿ ಗುಳ್ಳೆ ಇರುತ್ತದೆ. ಕೊಯ್ಯುವವರು ಆ ಭಾಗ ಕತ್ತರಿಸಿ ನಾಯಿಗೆ ಎಸೆಯುತ್ತಾರೆ. ಅದನ್ನು ಎಸೆಯಲೇಬಾರದು. ಆ ಗುಳ್ಳೆ ಎಕೈನೋಕಾಕಸ್ ಅನ್ನುವ ಲಾಡಿಹುಳುವಿನ ಮರಿಗಳ ಚೀಲ ಆಗಿರಬಹುದು. ನಾಯಿ ತಿಂದರೆ ಅದರ ಕರುಳಿನಲ್ಲಿ ಕೆಲವೇ ಮಿ.ಮೀ. ಉದ್ದದ ಹುಳುಗಳು ಸಾವಿರಗಟ್ಟಲೆ ಬೆಳೆಯುತ್ತವೆ. ನಾಯಿಗೆ ಏನೂ ಆಗುವುದಿಲ್ಲ, ಚೆನ್ನಾಗಿ ಓಡಾಡಿಕೊಂಡಿರುತ್ತದೆ. ಮಲದಲ್ಲಿ ಬಿದ್ದ ಮೊಟ್ಟೆ ಹುಲ್ಲಿನ ಜೊತೆ ಮತ್ತೆ ಕುರಿಗೆ ಹೋಗುತ್ತದೆ. ನಾಯಿಯ ಕೂದಲಿನಿಂದ, ನಮ್ಮ ಕೈಯಿಂದ, ಬಾಯಿಗೂ ಹೋಗುತ್ತದೆ. ಮನುಷ್ಯರ ಲಿವರ್, ಶ್ವಾಸಕೋಶದಲ್ಲಿ ಅದೇ ಗುಳ್ಳೆ ವರ್ಷಗಟ್ಟಲೆ ಮೆಲ್ಲಗೆ ಬೆಳೆದು ಆಪರೇಷನ್‌ವರೆಗೂ ಹೋಗಬಹುದು.

ಕುರಿ ಸಾಕುವವರಿಗೆ ಇನ್ನೊಂದು ನಷ್ಟ ಇದೆ. ತಲೆ ಒಂದು ಕಡೆ ವಾಲಿಸಿ ಸುತ್ತುತ್ತಲೇ ಇರುವ ಕುರಿ ನೋಡಿರುತ್ತೀರಿ. ಅದರ ಮೆದುಳಿನಲ್ಲಿ ನಾಯಿಯ ಮತ್ತೊಂದು ಲಾಡಿಹುಳುವಿನ ಗುಳ್ಳೆ ಕೂತಿರಬಹುದು. ಆ ಕುರಿ ಸತ್ತಾಗ ತಲೆಯನ್ನು ಮಂದೆ ಕಾಯುವ ನಾಯಿಗೆ ಹಾಕಿದರೆ ಮುಂದಿನ ವರ್ಷ ಇನ್ನೊಂದಿಷ್ಟು ಕುರಿ ಸುತ್ತುತ್ತವೆ.

ಮಾಡಬೇಕಾದದ್ದು ಕಷ್ಟದ ಕೆಲಸ ಅಲ್ಲ. ಕೊಯ್ಯುವ ಜಾಗಕ್ಕೆ ನಾಯಿ ಬಿಡಬೇಡಿ, ಅವತ್ತು ಕಟ್ಟಿಹಾಕಿ. ಗುಳ್ಳೆ ಇರುವ ಭಾಗವನ್ನು ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಿ, ಇಲ್ಲವೇ ಸುಟ್ಟುಬಿಡಿ. ನಾಯಿಗೆ ಲಿವರ್, ಬೋಟಿ ಹಾಕಲೇಬೇಕು ಅಂದರೆ ಅರ್ಧ ಗಂಟೆ ಕುದಿಸಿ ಹಾಕಿ. ಹಸಿ ಕುರಿಮಾಂಸ ಸಿಗುವ ನಾಯಿಗೆ ಪ್ರಾಜಿಕ್ವಾಂಟೆಲ್ ಆರು ವಾರಕ್ಕೊಮ್ಮೆ ಬೇಕಾಗುತ್ತದೆ. ಆ ಹುಳು ಬೆಳೆದು ಮೊಟ್ಟೆ ಇಡಲು ಹೆಚ್ಚುಕಮ್ಮಿ ಅಷ್ಟು ದಿನ ಹಿಡಿಯುತ್ತದೆ.

ಅಂಗಳ, ತೋಟ, ಹಾಸಿಗೆ

ಮಲವನ್ನು ದಿನಾ ಎತ್ತಿ. ಕೊಕ್ಕೆಹುಳುವಿನ ಮೊಟ್ಟೆ ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಒಂದು ವಾರದೊಳಗೆ ಚರ್ಮ ಕೊರೆದು ಒಳಹೋಗುವ ಮರಿಯಾಗುತ್ತದೆ. ಬರಿಗಾಲಲ್ಲಿ ನಡೆದರೆ ನಮ್ಮ ಪಾದಕ್ಕೂ ಹೊಕ್ಕು, ಚರ್ಮದೊಳಗೆ ಕೆಂಪು ಗೆರೆ ಎಳೆದ ಹಾಗೆ ಹರಿದು ಕೆರೆತ ತರುತ್ತದೆ. ಬಿಸಿಲು, ಒಣಗಾಳಿ ಅದಕ್ಕೆ ಆಗಿಬರುವುದಿಲ್ಲ. ನಾಯಿ ಕಟ್ಟುವ ಜಾಗವನ್ನು ಡ್ರಿಪ್ ಬೀಳುವ ತೆಂಗಿನ ಬುಡದಿಂದ ಬಿಸಿಲು ಬೀಳುವ ಒಣ ಜಾಗಕ್ಕೋ ಸಿಮೆಂಟ್ ನೆಲಕ್ಕೋ ಬದಲಾಯಿಸಿದರೆ ಅರ್ಧ ಕೆಲಸ ಮುಗಿಯಿತು.

ದುಂಡುಹುಳು ಇದಕ್ಕೆ ಉಲ್ಟಾ. ಅದರ ಮೊಟ್ಟೆ ರೋಗ ತರಲು ಎರಡು ವಾರವಾದರೂ ಬೇಕು, ಆದರೆ ಆಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಫಿನಾಯಿಲ್ ಅದಕ್ಕೆ ಲೆಕ್ಕಕ್ಕಿಲ್ಲ. ಸಿಮೆಂಟ್ ನೆಲವಾದರೆ ಉಜ್ಜಿ ತೊಳೆದು ಕುದಿಯುವ ನೀರು ಹಾಕಿ. ಎತ್ತಿದ ಮಲವನ್ನು ತಿಪ್ಪೆಗೆ ಹಾಕಬೇಡಿ, ಆ ಗೊಬ್ಬರ ನಾಳೆ ಸೊಪ್ಪಿನ ಮಡಿಗೇ ಹೋಗುತ್ತದೆ. ಬಾವಿ, ತೊಟ್ಟಿಯಿಂದ ದೂರ ಗುಂಡಿ ತೆಗೆದು ಮುಚ್ಚಿ.

ಚಿಗಟ ಇದ್ದರೆ ನಾಯಿಗೆ ಚಿಗಟದ ಔಷಧಿ, ಮಲಗುವ ಗೋಣಿಚೀಲಕ್ಕೆ ಬಿಸಿನೀರು, ಬಿಸಿಲು. ಚಿಗಟ ಉಳಿದರೆ ಲಾಡಿಹುಳು ತಿಂಗಳೊಳಗೆ ವಾಪಸ್ ಬರುತ್ತದೆ.

ಮನೆಯ ಮಕ್ಕಳು ಮಣ್ಣಲ್ಲಿ ಆಡಿ ಬಂದ ಮೇಲೆ, ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಯಲಿ. ದುಂಡುಹುಳುವಿನ ಮೊಟ್ಟೆ ಮಗುವಿನ ಹೊಟ್ಟೆ ಸೇರಿದರೆ ಅದರ ಮರಿಗಳು ಲಿವರ್‌ಗೆ, ಅಪರೂಪಕ್ಕೆ ಕಣ್ಣಿಗೂ ಹೋಗಿ ದೃಷ್ಟಿ ಕೆಡಿಸುತ್ತವೆ. ಹಾಗಂತ ನಾಯಿಯನ್ನು ಮನೆಯಿಂದ ಓಡಿಸುವುದು ಬೇಡ, ಮಲ ಎತ್ತಿದರೆ ಸಾಕು.

ಯಾವಾಗ ಯಾವಾಗ?

ಮರಿಗೆ ಎರಡನೇ ವಾರದಿಂದ ಶುರು: 2, 4, 6, 8ನೇ ವಾರ. ಆಮೇಲೆ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ. ಹಾಲೂಡುವ ತಾಯಿಗೂ ಅದೇ ದಿನ ಕೊಡಬೇಕು. ಬಸಿರಿದ್ದಾಗಲೇ ತಡೆಯಬೇಕೆಂದರೆ 40ನೇ ದಿನದಿಂದ ಮರಿ ಹಾಕಿ 14 ದಿನದವರೆಗೆ ದಿನವೂ ಫೆನ್‌ಬೆಂಡಜೋಲ್ ಕೊಡುವ ಕ್ರಮ ಇದೆ. ಬಸಿರಿಗೆ ಎಲ್ಲ ಔಷಧಿಯೂ ಆಗುವುದಿಲ್ಲ, ಆದ್ದರಿಂದ ಇದನ್ನು ವೈದ್ಯರೇ ಹೇಳಬೇಕು.

ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ. ದಿನಾಂಕ ನೆನಪಿರುವುದಿಲ್ಲ ಅನ್ನುವವರಿಗೆ ಸಂಕ್ರಾಂತಿ, ಹೊಸತೊಡಕು ಮುಗಿದ ಮೇಲೆ, ಆಷಾಢ, ಆಯುಧಪೂಜೆ. ನಾಲ್ಕೂ ಹೆಚ್ಚುಕಮ್ಮಿ ಮೂರು ತಿಂಗಳಿಗೇ ಬರುತ್ತವೆ.

ಹುಳು ಸಿಕ್ಕಿ ಔಷಧಿ ಕೊಟ್ಟಿದ್ದರೆ ಎರಡು ವಾರ ಬಿಟ್ಟು ಮತ್ತೆ ಮಲ ಪರೀಕ್ಷೆ ಮಾಡಿಸಿ. ಕೊಕ್ಕೆಹುಳು ಮತ್ತೆ ಕಂಡರೆ ಗಾಬರಿ ಬೇಡ. ಕರುಳಿನಲ್ಲಿದ್ದವು ಸತ್ತ ಮೇಲೆ ಮಾಂಸಖಂಡದಲ್ಲಿ ಸುಪ್ತವಾಗಿದ್ದ ಮರಿಗಳು ಎದ್ದು ಖಾಲಿ ಜಾಗಕ್ಕೆ ಬರುವುದುಂಟು, ಅದಕ್ಕೆ ಇನ್ನೊಂದು ಸುತ್ತು ಔಷಧಿ ಬೇಕು. ಚಾಟಿಹುಳು ಮೊಟ್ಟೆಯಿಂದ ದೊಡ್ಡದಾಗಲು ಮೂರು ತಿಂಗಳು ಹಿಡಿಯುವುದರಿಂದ ಅದಕ್ಕೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಪ್ರತಿ ಸಲ ಕೊಟ್ಟ ಮಾತ್ರೆಯ ಪಟ್ಟಿ, ಅವತ್ತಿನ ತೂಕ, ತಾರೀಕು, ಮೂರನ್ನೂ ಒಂದೇ ಫೋಟೊದಲ್ಲಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಎರಡನೇ ಸಲವೂ ಹುಳು ಉಳಿದರೆ ವೈದ್ಯರು ಮೊದಲು ಕೇಳುವುದು ಅದನ್ನೇ: ಯಾವ ಔಷಧಿ, ಎಷ್ಟು ಕಿಲೋಗೆ, ಯಾವತ್ತು.